ಜಿಐ (ಭೌಗೋಳಿಕ ಗುರುತು) ಇದ್ದ ಮಾತ್ರಕ್ಕೆ ಸ್ಪೆಷಾಲಿಟಿ ಕಾಫಿ ಅಲ್ಲ: ಒಂದು ಸ್ಪಷ್ಟನೆ

'ಚಿಕ್ಕಮಗಳೂರು, ಕೊಡಗಿನ ಅರೇಬಿಕಾ ಕಾಫಿಗೆ ಜಿಐ ಸಿಕ್ಕಿದೆ. ಹಾಗಾಗಿ ಇಲ್ಲಿನ ಕಾಫಿಯೆಲ್ಲಾ ಸ್ಪೆಷಾಲಿಟಿ ಕಾಫಿ' ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅರ್ಧ ಮಾತ್ರ ನಿಜ.

2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮತ್ತು ಆಂಧ್ರದ ಅರಕು ಕಣಿವೆಯ ಅರೇಬಿಕಾಗೆ, ವಯನಾಡಿನ ರೋಬಸ್ಟಾಗೆ (ಕಾಫಿಯ ಇನ್ನೊಂದು ಜಾತಿ) ಜಿಐ ಸಿಕ್ಕಿದ್ದು ಹೌದು. ಆದರೆ ಜಿಐ ಹೇಳುವುದು ಕಾಫಿ ಯಾವ ಊರಿನದು ಅಂತ. ಸ್ಪೆಷಾಲಿಟಿ ಎನ್ನುವುದು ರುಚಿಯ ಮಾತು. ಪರಿಣತರು ಕುಡಿದು ನೋಡಿ 100ಕ್ಕೆ 80 ಅಥವಾ ಜಾಸ್ತಿ ಅಂಕ ಕೊಡಬೇಕು ಎಂಬುದು ವರ್ಷಗಳಿಂದ ನಡೆದುಬಂದ ಲೆಕ್ಕ.

ಆ ಅಂಕ ಸುಮ್ನೆ ಬರುವುದಿಲ್ಲ. ಒಂದೇ ಗಿಡವನ್ನು ಮೂರ್ನಾಲ್ಕು ಸಲ ಸುತ್ತಿ ಕೆಂಪು ಹಣ್ಣನ್ನಷ್ಟೇ ಕುಯ್ಯಬೇಕು. ನೀರಿಗೆ ಹಾಕಿ ತೇಲಿದ್ದನ್ನು ತೆಗೆಯಬೇಕು. ಕುಯ್ದ ದಿನವೇ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಕೊಡಬೇಕು. ಕಣದಲ್ಲಿ ತೆಳುವಾಗಿ ಹರಡಿ, ಆಗಾಗ ಕೈಯಾಡಿಸಿ ಒಣಗಿಸಬೇಕು. ಆ ಹೊತ್ತಿಗೆ ಅಕಾಲ ಮಳೆ ಬಂದರೆ ಎಲ್ಲಾ ಹೋಯಿತು, ಅಲ್ವಾ? ಕೂಲಿ ಆಳು ಸಿಗದ ಸಣ್ಣ ಬೆಳೆಗಾರರು ಮನೆಮಂದಿಯೇ ಸೇರಿ ಇಷ್ಟೂ ಮಾಡುತ್ತಾರೆ. ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆದರೆ ಆ ದುಡಿಮೆಗೆ ಸಿಗಬೇಕಾದ ಬೆಲೆ ಸಿಗುವುದಿಲ್ಲ.

ಅಂದಹಾಗೆ, ರೋಬಸ್ಟಾ ಸ್ಪೆಷಾಲಿಟಿ ಸಾಲಿಗೆ ಬರುವುದೇ ಇಲ್ಲ ಎಂದು ಅದೇ ಸಂದೇಶದಲ್ಲಿದೆ. ಅದೂ ತಪ್ಪು. ಚೆನ್ನಾಗಿ ಸಂಸ್ಕರಿಸಿದ ರೋಬಸ್ಟಾವನ್ನು 'ಫೈನ್ ರೋಬಸ್ಟಾ' ಎಂದು ಬೇರೆಯಾಗಿಯೇ ಅಳೆಯುತ್ತಾರೆ.