ಸತ್ಯಾಂಶ: ಕೊಳೆತ ದ್ರಾಕ್ಷಿಗೆ ಸಕ್ಕರೆ ಸುರಿದು ಸಿಹಿ ವೈನ್ ಮಾಡ್ತಾರಾ?

ಬೂಷ್ಟು ಹಿಡಿದ ದ್ರಾಕ್ಷಿಯ ಫೋಟೊ, ಜೊತೆಗೆ ಒಂದು ಎಚ್ಚರಿಕೆ: ದುಬಾರಿ ಸಿಹಿ ವೈನ್ ಅಂದರೆ ಕೊಳೆತ ಹಣ್ಣು, ವಾಸನೆ ಮುಚ್ಚಲು ಸುರಿದ ಸಕ್ಕರೆ. ಈ ಸಂದೇಶ ಮತ್ತೆ ಮತ್ತೆ ಬರುತ್ತದೆ. ಫೋಟೊ ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ, ಅಲ್ವಾ?

ಫೋಟೊ ನಿಜವೇ ಇರಬಹುದು. ವಿವರಣೆ ತಪ್ಪು. ಆ ಬೂಷ್ಟಿನ ಹೆಸರು ಬೋಟ್ರೈಟಿಸ್ ಸಿನೇರಿಯಾ. ಸಿಹಿ ವೈನ್‌ಗೆ ಹೆಸರಾದ ಫ್ರಾನ್ಸಿನ ಸೊಟೆರ್ನ್ ಪ್ರದೇಶದಲ್ಲಿ ಶರತ್ಕಾಲದ ಬೆಳಗ್ಗೆ ಸಿರೋನ್ ನದಿಯ ಕಡೆಯಿಂದ ಮಂಜು ಕವಿಯುತ್ತದೆ, ಮಧ್ಯಾಹ್ನ ಬಿಸಿಲು ಬರುತ್ತದೆ. ಮಂಜಿನಲ್ಲಿ ಬೂಷ್ಟು ಬೆಳೆದು ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡುತ್ತದೆ. ಬಿಸಿಲಿಗೆ ಹಣ್ಣಿನ ನೀರು ಆರುತ್ತದೆ. ಒಳಗಿನ ಸಕ್ಕರೆ, ಹುಳಿ, ಪರಿಮಳ ಎಲ್ಲ ಗಟ್ಟಿಯಾಗುತ್ತವೆ. ಸಿಹಿ ಬರುವುದು ಅಲ್ಲಿಂದ. ಜೇನಿನಂಥ ಪರಿಮಳಕ್ಕೂ ಈ ಬೂಷ್ಟೇ ಕಾರಣ. ನನಗಂತೂ ಇದು ಅಚ್ಚರಿಯ ಸಂಗತಿ.

ಆದರೆ ಬಿಸಿಲಿಲ್ಲದೆ ಮಳೆಯೇ ಜಾಸ್ತಿಯಾದರೆ ಇದೇ ಬೂಷ್ಟು ಹಣ್ಣನ್ನು ನಿಜವಾಗಿಯೂ ಕೆಡಿಸುತ್ತದೆ. ಅದಕ್ಕೇ ಕೊಯ್ಲಿನವರು ತೋಟವನ್ನು ಹಲವು ಸಲ ಸುತ್ತಿ, ಸರಿಯಾದ ಹಣ್ಣನ್ನಷ್ಟೇ ಕೈಯಿಂದ ಆರಿಸುತ್ತಾರೆ. ಹಂಗೇರಿಯ ಟೋಕಾಯ್‌ನಲ್ಲೂ ಹೀಗೇ ಒಂದೊಂದೇ ಹಣ್ಣು ಆರಿಸುತ್ತಾರೆ.

ನೀವೇ ಪರೀಕ್ಷಿಸಬಹುದು. ಮೊದಲು ಸಂದೇಶದಲ್ಲಿ ಬೂಷ್ಟಿನ ಹೆಸರು, ಊರಿನ ಹೆಸರು ಇದೆಯಾ ನೋಡಿ. ಸುಮ್ನೆ ‘ವಿದೇಶದಲ್ಲಿ’ ಅಂತಿದ್ದರೆ ಅನುಮಾನಿಸಿ. ಫೋಟೊವನ್ನು ಇಮೇಜ್ ಸರ್ಚ್‌ಗೆ ಹಾಕಿ, ಮೊದಲು ಎಲ್ಲಿ ಬಂತು ಎಂದು ಹುಡುಕಿ. ಆಯಾ ಪ್ರದೇಶದ ವೈನ್ ನಿಯಮಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮದ್ಯ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬ ಮಾತು ಬೇರೆ, ಅದು ನಿಜವೇ. ಅದಕ್ಕೂ ಈ ಬೂಷ್ಟಿಗೂ ಸಂಬಂಧವಿಲ್ಲ.