ಬುಟ್ಟಿಯಲ್ಲಿರುವ ಸಣ್ಣ ತಾಟೆಗಳೆಲ್ಲ ಮರಿಗಳಲ್ಲ

ಸಣ್ಣ ತಾಟೆ, ಅಂದರೆ ಶಾರ್ಕ್ ಮೀನು, ಕಂಡರೆ ನಮ್ಮ ಕಡೆ ಎರಡೇ ಮಾತು. ಒಂದೋ “ಅಯ್ಯೋ ಪಾಪ, ಮರಿಗಳನ್ನೂ ಬಿಡಲಿಲ್ಲ”, ಇಲ್ಲವೇ “ಮರಿ ತಾಟೆ, ಮಕ್ಕಳಿಗೆ ಒಳ್ಳೇದು, ತಗೊಳ್ಳಿ ಅಣ್ಣ”. ಇಬ್ಬರೂ ಮೀನನ್ನು ಸರಿಯಾಗಿ ನೋಡಿಲ್ಲ ಅನ್ನೋದೇ ನನ್ನ ತಕರಾರು.

ಮಲ್ಪೆ ಬಂದರಿನಲ್ಲೋ ಮಂಗಳೂರು ದಕ್ಕೆಯಲ್ಲೋ ಒಂದೇ ಬುಟ್ಟಿಯಲ್ಲಿ ಒಂದೂವರೆ ಅಡಿಯ ಎರಡು ತಾಟೆ ಅಕ್ಕಪಕ್ಕ ಬಿದ್ದಿವೆ ಅಂದುಕೊಳ್ಳಿ. ಒಂದು ಆಗಲೇ ಮರಿ ಹಾಕಿರುವ ತಾಯಿ ಆಗಿರಬಹುದು, ಇನ್ನೊಂದು ಈಗಷ್ಟೇ ಹುಟ್ಟಿದ್ದು, ಬದುಕಿದ್ದರೆ ಮೂರು ಮೀಟರ್ ಬೆಳೆಯಬೇಕಾಗಿದ್ದದ್ದು. ತೂಕಕ್ಕೆ ಹಾಕಿದರೆ ಎರಡೂ ಒಂದೇ. ಸಮುದ್ರಕ್ಕೆ ಒಂದೇ ಅಲ್ಲ, ಅಲ್ವಾ?

ಮೊದಲನೆಯದು ಸ್ಪೇಡ್‌ನೋಸ್ ಶಾರ್ಕ್, ವೈಜ್ಞಾನಿಕವಾಗಿ ಸ್ಕೋಲಿಯೊಡಾನ್ ಲ್ಯಾಟಿಕಾಡಸ್. 1838ರಲ್ಲೇ ಹೆಸರು ಬಿದ್ದ ಮೀನು. ಹೆಚ್ಚೆಂದರೆ 74 ಸೆಂ.ಮೀ. ಬೆಳೆಯುತ್ತದೆ, ಅಷ್ಟೇ. ಒಂದಡಿ ಆಗುವ ಹೊತ್ತಿಗೆ ಪ್ರಾಯಕ್ಕೆ ಬಂದಿರುತ್ತದೆ. ಗುರುತಿಸುವುದು ಕಷ್ಟ ಇಲ್ಲ. ಮೇಲಿನಿಂದ ನೋಡಿ, ಮೂತಿ ಸಲಿಕೆಯ ಹಾಗೆ ಚಪ್ಪಟೆ. ಆಮೇಲೆ ಬೆನ್ನಿನ ದೊಡ್ಡ ರೆಕ್ಕೆ ನೋಡಿ. ಅದು ತುಂಬಾ ಹಿಂದಿದೆ, ಅದರ ಹಿಂತುದಿ ಹೊಟ್ಟೆಯಡಿಯ ಜೋಡಿ ರೆಕ್ಕೆಗಳ ಮೇಲಕ್ಕೇ ಬರುತ್ತದೆ. ಎದೆಯ ರೆಕ್ಕೆಗಳು ಗಿಡ್ಡ, ಅಗಲ.

ಇದರ ಜೊತೆ ಗೊಂದಲ ಆಗುವುದು ಮಿಲ್ಕ್ ಶಾರ್ಕ್. ಅದರ ಬಾಯಿಯ ಮೂಲೆಯಲ್ಲಿ ಉದ್ದನೆಯ ಗೆರೆಗಳಂಥ ಮಡಿಕೆ ಇರುತ್ತವೆ, ಬೆನ್ನಿನ ರೆಕ್ಕೆಯೂ ಇನ್ನಷ್ಟು ಮುಂದೆ. ಬಾಣಂತಿಗೆ ಹಾಲು ಹೆಚ್ಚುತ್ತದೆ ಅನ್ನುವ ನಂಬಿಕೆಯಿಂದಲೇ ಅದಕ್ಕೆ ಆ ಹೆಸರು ಬಂತು. ನಂಬಿಕೆ ನಿಜವೋ ಸುಳ್ಳೋ, ಅಜ್ಜಿಯರ ಹತ್ತಿರ ವಾದ ಮಾಡುವ ಧೈರ್ಯ ನನಗಿಲ್ಲ. ಗೊಂದಲ ಆಗುವ ಇನ್ನೊಂದು ಬ್ಯಾಂಬೂ ಶಾರ್ಕ್, ಬೆನ್ನಿನ ಎರಡೂ ರೆಕ್ಕೆ ಹೆಚ್ಚುಕಡಿಮೆ ಒಂದೇ ಗಾತ್ರ, ಬಾಯಿ ಕಣ್ಣಿಗಿಂತ ಮುಂದಿದೆ, ಮೂತಿಯಲ್ಲಿ ಸಣ್ಣ ಮೀಸೆ. ಅದು ಮರಿ ಹಾಕಲ್ಲ, ಮೊಟ್ಟೆ ಇಡುತ್ತದೆ.

ನಿಜವಾದ ಮರಿ ಯಾವುದು ಅಂತ ತಿಳಿಯಬೇಕಾದರೆ ಮೀನನ್ನು ಅಂಗಾತ ಮಾಡಿ. ಎದೆಯ ಎರಡು ರೆಕ್ಕೆಗಳ ನಡುವೆ ಹೊಕ್ಕುಳ ಗಾಯ ಇನ್ನೂ ಮಾಯದೆ ಇದ್ದರೆ ಅದು ಈಗಷ್ಟೇ ಹುಟ್ಟಿದ್ದು. ಸುತ್ತಿಗೆ ತಲೆಯ ಸ್ಕ್ಯಾಲೋಪ್ಡ್ ಹ್ಯಾಮರ್‌ಹೆಡ್ ಹುಟ್ಟುವಾಗಲೇ 40-55 ಸೆಂ.ಮೀ. ಇರುತ್ತದೆ, ಹಾಗಾಗಿ ಅದರ ಕೂಸೂ ಬೆಳೆದ ಸ್ಪೇಡ್‌ನೋಸೂ ಒಂದೇ ಅಳತೆ. ಸ್ಕ್ಯಾಲೋಪ್ಡ್ ಹ್ಯಾಮರ್‌ಹೆಡ್ ಇವತ್ತು ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಯಲ್ಲಿದೆ. ಅದು ಬುಟ್ಟಿಯಲ್ಲಿ ಕಂಡರೆ ನಾನಂತೂ ಕೊಳ್ಳಲ್ಲ. ಸ್ಪೇಡ್‌ನೋಸ್ ತಿನ್ನುತ್ತೇನೆ, ಸುಳ್ಳು ಹೇಳಿ ಏನಾಗಬೇಕು.

ಹಾಗಂತ ಸ್ಪೇಡ್‌ನೋಸ್ ಬೇಕಾದಷ್ಟಿದೆ ಅಂತಲೂ ಅಲ್ಲ. ಅದರ ಜಾಗ ದಡದ ಹತ್ತಿರದ ನೀರು, ಹೆಚ್ಚಾಗಿ 10-13 ಮೀಟರ್ ಆಳ. ಸಣ್ಣ ಮೀನು, ಸಿಗಡಿ ತಿಂದುಕೊಂಡು ಗುಂಪಿನಲ್ಲಿ ತಿರುಗುತ್ತದೆ, ನದಿಯ ಕೆಳಭಾಗಕ್ಕೂ ಬರುವುದುಂಟು. ಅಂದರೆ ನೇತ್ರಾವತಿ-ಗುರುಪುರ ಅಳಿವೆ, ಕೋಡಿ ಬೆಂಗ್ರೆ ಅಂಥ ಕಡೆ ನಾವು ಮಾಡುವ ಪ್ರತಿಯೊಂದು ಕೆಲಸವೂ ಅದಕ್ಕೆ ತಟ್ಟಬಹುದು. ತಳ ಗುಡಿಸುವ ಟ್ರಾಲ್ ಬಲೆಗೆ ಸುಲಭವಾಗಿ ಸಿಗುವುದೂ ಅಲ್ಲೇ. ಮಳೆಗಾಲದ 61 ದಿನದ ಮೀನುಗಾರಿಕೆ ನಿಷೇಧ ಒಳ್ಳೆಯದೇ, ನಾನು ಅದರ ಪರ. ಆದರೆ ಈ ಮೀನು ವರ್ಷವಿಡೀ ಮರಿ ಹಾಕುತ್ತದೆ, ಗರ್ಭವೇ ಐದಾರು ತಿಂಗಳು. ಎರಡು ತಿಂಗಳ ರಜೆ ಅದಕ್ಕೆ ಎಷ್ಟು ಸಾಕು?

ಇದರ ಗರ್ಭದ ಕತೆ ಬೇರೆಯೇ. ಮೊಟ್ಟೆ ಬರೀ ಒಂದು ಮಿಲಿಮೀಟರ್, ಹಳದಿ ಅಂತ ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಮರಿಗೆ ಹೊಕ್ಕುಳಬಳ್ಳಿಯಲ್ಲೇ ಎಲ್ಲ ಊಟ. ಇಷ್ಟು ಮುಂದುವರಿದ ಮಾಸು (ಜರಾಯು) ಬೇರೆ ಯಾವ ಶಾರ್ಕಿಗೂ ಇಲ್ಲ ಅನ್ನುತ್ತಾರೆ.

ಮೀನಿನ ಗ್ರೂಪುಗಳಲ್ಲಿ ಫೋಟೊ ಹಾಕಿ “ಇದು ಯಾವ ತಾಟೆ?” ಅಂತ ಕೇಳುವವರಿಗೆ ಒಂದು ವಿನಂತಿ. ತಲೆ ಮಾತ್ರ ತೆಗೆಯಬೇಡಿ. ಪೂರ್ತಿ ಪಕ್ಕದಿಂದ ಒಂದು, ಮೇಲಿನಿಂದ ಒಂದು, ಅಂಗಾತ ಮಾಡಿ ಒಂದು, ಪಕ್ಕದಲ್ಲಿ ಒಂದು ಸ್ಕೇಲ್. ಯಾವ ಬಲೆ, ಎಷ್ಟು ಆಳ ಅಂತ ಬೋಟಿನವರನ್ನು ಕೇಳಿ ಬರೆಯಿರಿ, ಸುಮ್ನೆ “ಮಲ್ಪೆ” ಅಂದರೆ ಏನೂ ಗೊತ್ತಾಗಲ್ಲ.