ಅಥಣಿಯ ಅದಲು ಬದಲು

2018ರಲ್ಲಿ ಅಥಣಿಯ ಮತದಾರರು ಮೂರು ಬಾರಿ ಶಾಸಕರಾಗಿದ್ದ ಬಿಜೆಪಿಯ ಲಕ್ಷ್ಮಣ ಸವದಿಯವರನ್ನು ಸೋಲಿಸಿ, ಕಾಂಗ್ರೆಸ್ಸಿನ ಮಹೇಶ ಕುಮಟಳ್ಳಿಯವರನ್ನು ವಿಧಾನಸೌಧಕ್ಕೆ ಕಳಿಸಿದರು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಮನೆಗೆ ಹೋದ ಆ ಪಾಪದ ಜನ ತಾವೇನೋ ತೀರ್ಪು ಕೊಟ್ಟೆವೆಂದೇ ನಂಬಿದ್ದರು.

ಮರುವರ್ಷದ ಜುಲೈ. ಜನ ಬೆಂಗಳೂರಿಗೆ ಕಳಿಸಿದ್ದ ಶಾಸಕರು ಸಿಕ್ಕಿದ್ದು ಮುಂಬೈಯ ಹೋಟೆಲಿನಲ್ಲಿ. ಜೊತೆಗೆ ಅವರಂತೆಯೇ ರಾಜೀನಾಮೆ ಬರೆದುಕೊಟ್ಟ ಆಡಳಿತ ಪಕ್ಷಗಳ ಶಾಸಕರು ಇನ್ನೂ ಹಲವರು. ಸಚಿವ ಡಿ.ಕೆ. ಶಿವಕುಮಾರ್ ಮಳೆಯಲ್ಲಿ ನೆನೆಯುತ್ತಾ ಹೋಟೆಲಿನ ಗೇಟಿನ ಹೊರಗೆ ನಿಂತರೆ, ಒಳಗಿದ್ದವರು ಅವರಿಂದ ರಕ್ಷಣೆ ಕೊಡಿ ಎಂದು ಆಗಲೇ ಪೊಲೀಸರಿಗೆ ಪತ್ರ ಬರೆದಾಗಿತ್ತು. ಕ್ಷೇತ್ರದ ಚರಂಡಿಗಾಗಿ ಇಷ್ಟು ಚುರುಕಾಗಿ ಪತ್ರ ಬರೆದ ಶಾಸಕರನ್ನು ನಾನಂತೂ ಕಂಡಿಲ್ಲ.

ಜುಲೈ 23ರಂದು 99ಕ್ಕೆ 105 ಮತಗಳಿಂದ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಕುಮಾರಸ್ವಾಮಿ ಸರ್ಕಾರ ಬಿತ್ತು. ಎರಡೇ ದಿನಕ್ಕೆ ಸಭಾಧ್ಯಕ್ಷರು ಅನರ್ಹಗೊಳಿಸಿದ ಮೊದಲ ಮೂವರಲ್ಲಿ ಕುಮಟಳ್ಳಿಯವರೂ ಒಬ್ಬರು. ಪಂಕ್ತಿಯಲ್ಲಿ ಮೊದಲು ಕುಳಿತವರಿಗೆ ಮೊದಲು ಬಡಿಸಬೇಕಲ್ಲವೇ? ಆಗಸ್ಟ್‌ನಲ್ಲಿ ಬಿಜೆಪಿಯ ಹೊಸ ಸರ್ಕಾರ ಉಪಮುಖ್ಯಮಂತ್ರಿಗಳನ್ನು ಆರಿಸಿತು. ಅಥಣಿಗೂ ಒಂದು ಸ್ಥಾನ ಸಿಕ್ಕಿತು. ಸಿಕ್ಕಿದ್ದು ಲಕ್ಷ್ಮಣ ಸವದಿಯವರಿಗೆ!

ಹೌದು, ಸೋತವರಿಗೆ. ಸರ್ಕಾರ ಕೆಡವುವ ಕಷ್ಟ ಒಬ್ಬರದು, ಕೆಂಪು ಗೂಟದ ಯೋಗ ಇನ್ನೊಬ್ಬರದು. ಶಾಸಕರಲ್ಲದವರಿಗೆ ಸಂವಿಧಾನ ಕೊಡುವ ಆರು ತಿಂಗಳ ಗಡುವು ಮುಗಿಯಲು ಇನ್ನೇನು ಕೆಲವೇ ದಿನಗಳಿದ್ದಾಗ ಸವದಿಯವರು ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಹಿರಿಯರ ಮನೆ ಇರುವುದೇ ಇಂಥ ಸಂಕಟಕ್ಕೆ.

ಇತ್ತ ಸುಪ್ರೀಂ ಕೋರ್ಟ್ ನವೆಂಬರ್ 13ರಂದು, ಅನರ್ಹತೆ ಸರಿಯೇ ಇದೆ, ಆದರೆ ಉಪಚುನಾವಣೆಗೆ ನಿಲ್ಲಲು ಅಡ್ಡಿಯಿಲ್ಲ ಎಂದಿತು. ಕುಮಟಳ್ಳಿಯವರು ಕಮಲ ಹಿಡಿದು ನಿಂತರು, ಗೆದ್ದರು. ಬಿಜೆಪಿ ಟಿಕೆಟಿನಿಂದ ಗೆದ್ದುಬಂದ ಅನರ್ಹರು ಹನ್ನೊಂದು ಮಂದಿ. 2020ರ ಫೆಬ್ರುವರಿ 6ರಂದು ಅವರಲ್ಲಿ ಹತ್ತು ಮಂದಿ ಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದರು. ಹನ್ನೊಂದನೆಯವರು ಯಾರೆಂದು ಹೇಳಬೇಕೇ?

1967ರಲ್ಲಿ ಹರಿಯಾಣದ ಗಯಾಲಾಲ್ ಹದಿನೈದು ದಿನಗಳಲ್ಲಿ ಮೂರು ಸಲ ಪಕ್ಷ ಬದಲಿಸಿ 'ಆಯಾರಾಮ್ ಗಯಾರಾಮ್' ಎಂಬ ಗಾದೆಯನ್ನಾದರೂ ದೇಶಕ್ಕೆ ಬಿಟ್ಟುಹೋದರು. ಇವರಿಗೆ ಆ ಭಾಗ್ಯವೂ ಇಲ್ಲ.

2023ರಲ್ಲಿ ಕಮಲದ ಟಿಕೆಟ್ ಕುಮಟಳ್ಳಿಯವರಿಗೇ ಸಿಕ್ಕಿತು. ಮುನಿದ ಸವದಿಯವರು ಪರಿಷತ್ತನ್ನೂ ಪಕ್ಷವನ್ನೂ ಬಿಟ್ಟು ಕಾಂಗ್ರೆಸ್ಸಿಗೆ ಹೋದರು. ಅವೇ ಇಬ್ಬರು, ಅವೇ ಎರಡು ಚಿಹ್ನೆ, ಹಿಡಿದ ಕೈ ಮಾತ್ರ ಬೇರೆ. ಐದು ವರ್ಷ ಕೋಮಾದಲ್ಲಿದ್ದು ಆ ದಿನವೇ ಎದ್ದ ಮತದಾರನೊಬ್ಬ ಗೋಡೆಯ ಭಿತ್ತಿಪತ್ರ ಕಂಡಿದ್ದರೆ ಮುದ್ರಣಾಲಯದವನನ್ನು ಬೈಯುತ್ತಿದ್ದ. ಸವದಿಯವರು 76 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಅಥಣಿಯ ಸಂಪ್ರದಾಯದಂತೆ, ಗೆದ್ದ ಸವದಿಯವರು ಆ ಮೇ ತಿಂಗಳ ಮಂತ್ರಿಗಳ ಪಟ್ಟಿಯಲ್ಲಿ ಇರಲಿಲ್ಲ. ಅದೇ ಸಂಪ್ರದಾಯದಂತೆ ಸೋತ ಕುಮಟಳ್ಳಿಯವರಿಗೆ ಉಪಮುಖ್ಯಮಂತ್ರಿ ಪಟ್ಟವೇ ಸಲ್ಲಬೇಕಿತ್ತು. ಆದರೆ ಅಷ್ಟರಲ್ಲಿ ಅವರ ಪಕ್ಷದ ಸರ್ಕಾರವೇ ಹೋಗಿತ್ತು. ಅದೂ ಯಾರೊಬ್ಬರ ರಾಜೀನಾಮೆಯ ಹಂಗಿಲ್ಲದೆ, ಬರೀ ಮತಗಳಿಂದ.